ಗುರುತಿಲ್ಲದವನ ದೋಣಿ

"ರುಕಿಯೇ! ಯೂನಿಫಾರ್ಮ್ ಮೇ ಅಂದರ್ ನಹೀಂ ಆನಾ!"

ಡೊಂಬಿವಲಿಯ ಕನ್ನಡ ಸಂಘವೊಂದರ ಹಾಲ್‌ನ ಬಾಗಿಲಿಗೆ ಅಡ್ಡ ನಿಂತು, ಎರಡೂ ಕೈ ಚಾಚಿ ಸೋನಾಲಿ ಕೂಗಿದಳು.

ಎದುರಿಗಿದ್ದವನು ಸೇನೆಯ ಅಧಿಕಾರಿ. ಎತ್ತರದ ಆಳು. ಬೂಟಿನಿಂದ ಮಂಡಿಯವರೆಗೆ ಕೆಸರು, ಮುಖದಲ್ಲಿ ನಿದ್ದೆಗೆಟ್ಟ ಕಳೆ. ಊರಿಗೆ ನೆರೆ ಬಂದಾಗಿನಿಂದ ಇವನ ತುಕಡಿಯ ದೋಣಿಗಳೇ ಜನರನ್ನು ದಾಟಿಸುತ್ತಿದ್ದವು. ಅಂಥವನನ್ನು ಒಂದು ಹುಡುಗಿ ಬಾಗಿಲಲ್ಲೇ ತಡೆದರೆ ಹೇಗಿರಬೇಡ!

"ಮೇಡಂ, ನಾನು ಕ್ಯಾಪ್ಟನ್ ರಿತೇಶ್. ಒಳಗೆ ಎಷ್ಟು ಜನ ಇದ್ದಾರೆ ಅಂತ ನೋಡಬೇಕು," ಎಂದ ಅವನು ಹಿಂದಿಯಲ್ಲಿ.

"ಇಲ್ಲೇ ಹೇಳ್ತೀನಿ, ಕೇಳ್ಕೊಳ್ಳಿ," ಎಂದಳು ಇವಳೂ ಹಿಂದಿಯಲ್ಲಿ. "ಒಳಗೆ ಹೆದರಿದ ಜನ ಇದ್ದಾರೆ. ಸಮವಸ್ತ್ರ ನೋಡಿದರೆ ಊಟದ ತಟ್ಟೆ ಬಿಟ್ಟು ಓಡಿಹೋಗ್ತಾರೆ."

ಅವನು ಪಕ್ಕಕ್ಕೆ ತಿರುಗಿದ. ಇವಳಿಗೆ ತಿಳಿಯಲಾರದೆಂಬ ಧೈರ್ಯದಿಂದ ಕನ್ನಡದಲ್ಲಿ ಗೊಣಗಿದ. "ಎಂಥ ಜೋರು ಮಾರಾಯ ಇವಳು! ಗಡಿಯಲ್ಲಿ ಸಹ ಯಾರೂ ಹೀಗೆ ತಡೆಯುದಿಲ್ಲ!"

"ಜೋರ ಇರಬೇಕಾಗತೈತ್ರೀ ಸಾಹೇಬ್ರ," ಎಂದಳು ಸೋನಾಲಿ ತಣ್ಣಗೆ. "ಸ್ವಲ್ಪ ತಲಿ ಎತ್ತಿ ಮ್ಯಾಲಿನ ಬೋರ್ಡ್ ಓದ್ರಿ."

ಅವನು ತಲೆ ಎತ್ತಿದ. ಕನ್ನಡ ಸಂಘ ಎಂದು ಗುಂಡುಗುಂಡಾದ ಅಕ್ಷರಗಳಲ್ಲಿ ಬರೆದಿತ್ತು. ಕ್ಯಾಪ್ಟನ್ ಸಾಹೇಬರ ಎರಡೂ ಕಿವಿ ಕೆಂಪಾದವು. ಸೋನಾಲಿಗೆ ನಗು ಉಕ್ಕಿ ಬಂತು. ಕೆಳತುಟಿ ಕಚ್ಚಿ ತಡೆದುಕೊಂಡಳು.

ಆ ಬಾಗಿಲು ಕಾಯುವುದು ಅವಳ ಹಟವಲ್ಲ, ಕೆಲಸ. ನೆರೆ ಪರಿಹಾರದ ಸಂಸ್ಥೆಗಳಿಗೂ ಸೇನೆಗೂ ನಡುವೆ ನಿಂತು ಮಾತಾಡುವವಳು ಅವಳು. ಯಾರ ದೋಣಿ ಎಲ್ಲಿಗೆ, ಯಾರ ಅನ್ನ ಯಾರಿಗೆ, ಯಾರು ಯಾರ ಕಾಲು ತುಳಿಯಬಾರದು... ಇದನ್ನೆಲ್ಲ ಹೊಂದಿಸಬೇಕು. ಆದರೆ ಹೊಂದಿಸುವವಳು ಸೇನೆಯವಳಂತೆ ಕಾಣಬಾರದು! ಅವರ ಗಾಡಿ ಹತ್ತಬಾರದು, ಜನರೆದುರು ಅವರೊಂದಿಗೆ ಸಲುಗೆಯಿಂದ ಇರಬಾರದು. ಅನ್ನ ಕೊಡುವ ಕೈಯ ಹಿಂದೆ ಬಂದೂಕು ಇದೆ ಎಂದು ಬಡವರಿಗೆ ಒಮ್ಮೆ ಅನ್ನಿಸಿದರೆ ಮುಗಿಯಿತು, ಆಮೇಲೆ ಅವರು ಅನ್ನಕ್ಕೂ ಬರುವುದಿಲ್ಲ, ಔಷಧಿಗೂ ಬರುವುದಿಲ್ಲ.

ಅದರಲ್ಲೂ ದಿನವೂ ಹಾಲ್‌ಗೆ ಊಟಕ್ಕೆ ಬಂದು ಹೋಗುವ ಖಾಡಿ ದಂಡೆಯ ವಸ್ತಿಯವರು. ಡೊಂಬಿವಲಿಗೂ ಕಲ್ಯಾಣಕ್ಕೂ ನಡುವೆ, ಸಮುದ್ರದ ಉಪ್ಪುನೀರು ಒಳನುಗ್ಗುವ ಆ ಖಾಡಿಯ ಪಕ್ಕದಲ್ಲಿ ತಗಡಿನ ಮನೆ ಕಟ್ಟಿಕೊಂಡವರು. ಹೆಚ್ಚಿನವರು ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಕೆಲವು ವರ್ಷಗಳ ಹಿಂದೆ ಯಾರೋ ಬಿಲ್ಡರ್ ಕಡೆಯವರು ಖಾಕಿ ತೊಟ್ಟು ಬಂದು, "ನೀರು ಬರ್ತದೆ, ಎರಡು ದಿನ ಬೇರೆ ಕಡೆ ಇರಿ" ಎಂದಿದ್ದರು. ನಂಬಿ ಹೋದವರು ತಿರುಗಿ ಬಂದಾಗ ಮನೆಗಳ ಜಾಗದಲ್ಲಿ ಜೆಸಿಬಿ ನಿಂತಿತ್ತು. ಮನೆ ಮತ್ತೆ ಕಟ್ಟಿಕೊಂಡರೂ, ಅಂದಿನಿಂದ ಸಮವಸ್ತ್ರ ಎಂದರೆ ಅವರಿಗೆ ಮನೆ ಕೆಡವುವವರೇ.

ಇದನ್ನು ಕೇಳಿದ ಮೇಲೆ ರಿತೇಶ್ ಒಂದು ಮಾತೂ ವಾದಿಸಲಿಲ್ಲ. "ಸರಿ. ನಿಮ್ಮ ಹಾಲಿಗೆ ನಾನು ಬರುದಿಲ್ಲ, ನಮ್ಮ ಕ್ಯಾಂಪಿಗೆ ನೀವು ಬರುದಿಲ್ಲ. ಮತ್ತೆ ಮಾತಾಡುದು ಎಲ್ಲಿ?"

ಎಲ್ಲಿ ಎಂದರೆ, ಎರಡಕ್ಕೂ ನಡುವೆ ಇದ್ದ ಜಯಶೀಲಣ್ಣನ ಉಡುಪಿ ಹೊಟೇಲಿನಲ್ಲಿ!

ಅಡುಗೆಮನೆಯ ಪಕ್ಕದ ಮೂಲೆ ಟೇಬಲ್ಲು ದಿನವೂ ಅವರಿಗಾಗಿ ಕಾಯುತ್ತಿತ್ತು. ನಕ್ಷೆ ಹರಡಿಕೊಂಡು ಇಬ್ಬರೂ ಜಗಳಕ್ಕೆ ಕೂರುತ್ತಿದ್ದರು.

"ನಿಮ್ಮ ದೋಣಿ ಮಂದ್ಯಾಗ ಅಷ್ಟು ಜೋರ್ ಯಾಕ ಬರ್ತಾವ್ರೀ? ಹುಡುಗ್ರು ಹೆದರ್ತಾವ."

"ನಿಧಾನ ಬಂದ್ರೆ ನೀರು ಕಾಯ್ತದಾ ಮೇಡಂ?"

"ಮತ್ತ ಮ್ಯಾಕಿ ಯಾಕ ಬ್ಯಾಡ ಅಂದ್ರಿ? ಮ್ಯಾಕಿ ಬಿಟ್ಟು ಆ ಹೆಣ್ಮಕ್ಕಳು ದೋಣಿ ಹತ್ತಂಗಿಲ್ಲ."

ರಿತೇಶ್ ನಕ್ಷೆಯಿಂದ ತಲೆ ಎತ್ತಿದ. "ತಪ್ಪಾಯ್ತು. ಅದು ನನಗೆ ಹೊಳೀಲಿಲ್ಲ. ಪ್ರತಿ ದೋಣಿಯಲ್ಲಿ ಮೇಕೆಗೂ ಜಾಗ ಇಡುವ."

ತಪ್ಪಾಯ್ತು ಎನ್ನುವ ಗಂಡಸು! ಸೋನಾಲಿ ಕಣ್ಣರಳಿಸಿದಳು. ಡೊಂಬಿವಲಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಅವಳ ಅಪ್ಪ ಗುರುಪಾದಪ್ಪನವರ ಬಾಯಿಂದ ಆ ಶಬ್ದವನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಅವನು ಇಲ್ಲೇ ಹತ್ತಿರದ ಸೀವುಡ್ಸ್‌ನಲ್ಲಿ ಬೆಳೆದವನು, ಮನೆಯಲ್ಲಿ ತುಳು, ಮೂಲ ಕಾರ್ಕಳ. ಇದನ್ನೆಲ್ಲ ಅವಳು ಕೇಳಿ ತಿಳಿದದ್ದಲ್ಲ. ಜಯಶೀಲಣ್ಣ ತಾನಾಗಿಯೇ ತಂದು ಬಡಿಸಿದ್ದರು. "ಹುಡುಗ ಬಂಗಾರ ಮಾರಾಯ್ತಿ. ಜವಾನರು ಎಲ್ಲ ತಿಂದು ಮುಗಿಸುವವರೆಗೆ ಒಂದು ಇಡ್ಲಿ ಮುಟ್ಟುದಿಲ್ಲ. ಇವನಿಗೆ ಬಿಸಿ ಇಡ್ಲಿ ಕೊಟ್ಟ ಪುಣ್ಯ ನನಗೆ ಇನ್ನೂ ಸಿಕ್ಕಲಿಲ್ಲ!"

"ನನಗ್ಯಾಕ ಹೇಳ್ತೀರಿ ಅಣ್ಣಾ?" ಎಂದು ಸಿಡುಕಿದಳು ಸೋನಾಲಿ. ಮಾರನೆಯ ದಿನ ಅವನು ಬರುವುದು ತುಸು ತಡವಾದಾಗ ಬಾಗಿಲ ಕಡೆ ಎಷ್ಟು ಸಲ ನೋಡಿದಳೋ ಅವಳಿಗೇ ತಿಳಿಯದು. 'ನನಗೇನಾಗಿದೆ? ಕೆಲಸದ ಮಾತಿಗೆ ತಾನೇ ಕಾಯ್ತಿರೋದು...' ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆ ಸಮಾಧಾನವನ್ನು ಅವಳ ಹೃದಯ ನಂಬಲಿಲ್ಲ.

ಹೀಗಿರುವಾಗ ಕೆಟ್ಟ ಸುದ್ದಿ ಬಂತು. ಮೇಲಿನ ಅಣೆಕಟ್ಟಿನಿಂದ ನೀರು ಬಿಡುತ್ತಾರೆ. ಮರುದಿನ ಮಧ್ಯಾಹ್ನ ಸಮುದ್ರದ ಭರತಿ, ದೊಡ್ಡ ಉಬ್ಬರ ಬೇರೆ. ಎರಡೂ ನೀರು ಖಾಡಿಯಲ್ಲಿ ಸೇರಿದರೆ ವಸ್ತಿ ಪೂರ್ತಿ ಮುಳುಗುತ್ತದೆ.

"ಮೊದಲು ನಾ ಹೋಗಿ ಜನರನ್ನ ಒಪ್ಪಸ್ತೀನಿ," ಎಂದಳು ಸೋನಾಲಿ. "ನಾ ಕರೆಯೋತನಕ ನಿಮ್ಮ ದೋಣಿ ಕಣ್ಣಿಗೆ ಬೀಳಬಾರದು."

ರಿತೇಶ್ ಒಪ್ಪಿದ. ಆದರೆ ಬೆಳಿಗ್ಗೆ ಲೆಕ್ಕಕ್ಕಿಂತ ಬೇಗನೆ ನೀರು ಏರತೊಡಗಿತು. ವಸ್ತಿಯ ಬಾಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಅವಳು ಹೆಂಗಸರೊಂದಿಗೆ ಮಾತಾಡುತ್ತಿದ್ದಾಗ, ತಿರುವಿನಿಂದ ದೋಣಿ ಬಂದೇಬಿಟ್ಟಿತು. ಅದರ ಮುಂದೆ ನಿಂತಿದ್ದ ರಿತೇಶ್‌ಗೆ ಅವಳ ಹಿಂದೆ ಏರುತ್ತಿದ್ದ ನೀರಷ್ಟೇ ಕಂಡಿತು.

"ಸೋನಾಲಿ! ಅಲ್ಲಿ ನಿಲ್ಬೇಡ, ಈ ಕಡೆ ಬಾ!"

ಮೇಡಂ ಎನ್ನಲಿಲ್ಲ. ಬನ್ನಿ ಎನ್ನಲಿಲ್ಲ. ಬಾ ಎಂದಿದ್ದ! ಅವಳ ಎದೆ ಜುಂ ಎಂದಿತು. ಮರುಕ್ಷಣವೇ ಧಸಕ್ಕೆಂದಿತು, ಏಕೆಂದರೆ ವಸ್ತಿಯ ಹೆಂಗಸರೆಲ್ಲ ಅವಳ ಕಡೆ ತಿರುಗಿದ್ದರು.

ವಸ್ತಿಗೆ ಹಿರಿಯಳಾದ ಕಾಶವ್ವ ಕಣ್ಣು ಸಣ್ಣದು ಮಾಡಿದಳು. "ಯಾಕವ್ವಾ, ಮಿಲಿಟ್ರಿಯಾಂವ ಹೆಸರು ಹಿಡದು ಕರೀತಾನ? ನಿನಗ ಗುರ್ತೇನು?"

ಎಲ್ಲ ನಿಯಮಗಳೂ ಒಟ್ಟಿಗೇ ಅವಳ ನೆನಪಿಗೆ ಬಂದವು.

"ಇಲ್ಲವ್ವಾ... ನನಗ ಗುರ್ತಿಲ್ಲ. ಯಾರೋ ಏನೋ!"

ಅದು ಅವನಿಗೆ ಕೇಳಿಸಿತು. ಮುಖ ಸಪ್ಪೆಯಾಯಿತು. "ಸಾರಿ ಮೇಡಂ," ಎಂದು ದೋಣಿ ಹಿಂದಕ್ಕೆ ತಿರುಗಿಸಿದ. 'ಸರಿಯಾದದ್ದನ್ನೇ ಮಾಡಿದೆ... ಅಲ್ಲವೇ?' ಎಂದುಕೊಂಡಳು ಸೋನಾಲಿ. ಆದರೆ ಕಣ್ಣೇಕೆ ತುಂಬಿತು?

ನೀರು ಇನ್ನಷ್ಟು ಏರಿ, ದೋಣಿ ಕರೆಯಲು ಅವಳು ಫೋನ್ ಮಾಡಿದಾಗ ಆ ಕಡೆಯ ಧ್ವನಿ ಕಲ್ಲಾಗಿತ್ತು. "ಹೇಳಿ ಮೇಡಂ. ದೋಣಿಗಳು ರೆಡಿ ಉಂಟು."

"ರಿತೇಶ್ ಸಾಹೇಬ್ರ, ಮುಂಜಾನೆ ನಾ ಅಂದಿದ್ದು..."

"ಪರಿಚಯ ಇಲ್ಲದವರಿಗೆ ಎಂಥ ವಿವರಣೆ? ನನ್ನ ಗುರ್ತ ಇರುದು ನಿಮಗೆ ಅಷ್ಟು ನಾಚಿಕೆ ಅಂತ ಗೊತ್ತಿದ್ರೆ ನಾನು ಹೆಸರು ಹಿಡಿದು ಕರೀತಿರ್ಲಿಲ್ಲ. ಬಿಡಿ, ಮೊದಲು ಜನ ಹೊರಗೆ ಬರ್ಲಿ." ಫೋನ್ ಕಟ್ಟಾಯಿತು.

ಜನ ಹೊರಗೆ ಬರಬೇಕಲ್ಲ! ನೀರು ಸೊಂಟಕ್ಕೆ ಬಂದಿತ್ತು. ದೋಣಿಗಳು ಬಂದು ನಿಂತಿದ್ದವು. ಒಬ್ಬರೂ ಹತ್ತಲಿಲ್ಲ. ಮನೆಯ ಕಟ್ಟೆ ಮೇಲೆ ಎರಡು ಮೇಕೆ ಕಟ್ಟಿಕೊಂಡು ಕಾಶವ್ವ ಅಲುಗದೆ ಕೂತಿದ್ದಳು. ಅವಳು ಏಳದೆ ವಸ್ತಿ ಏಳದು.

"ಕಾಶವ್ವಾ, ಕಾಲ ಬೀಳ್ತೀನಿ, ಹತ್ತಬೇ!"

"ಹ್ಯಾಂಗ ಹತ್ತಲಿ?" ಎಂದಳು ಮುದುಕಿ. "ನಿನ್ನ ಮ್ಯಾಲ ನಂಬಿಗಿ ಐತಿ ತಂಗಿ. ನೀ ಅನ್ನಾ ಹಾಕಿದಾಕಿ. ಆದರ ಮುಂಜಾನೆ ನೀನಽ ಅಂದೀ, ಅಂವ ಯಾರೋ ಏನೋ ಅಂತ. ನಿನಗ ಗುರ್ತಿಲ್ಲದವನ ದೋಣ್ಯಾಗ ನಾ ಹ್ಯಾಂಗ ಕುಂದ್ರಲಿ? ನನ್ನ ಮೊಮ್ಮಕ್ಕಳನ್ನ ಹ್ಯಾಂಗ ಕುಂದ್ರಸಲಿ?"

ಸೋನಾಲಿ ತಬ್ಬಿಬ್ಬಾದಳು. ಯಾವ ನಂಬಿಕೆಯನ್ನು ಉಳಿಸಿಕೊಳ್ಳಲು ಅವನನ್ನು ದೂರ ತಳ್ಳಿದ್ದಳೋ, ಆ ನಂಬಿಕೆ ಈಗ ಅವನ ದೋಣಿಗೇ ಅಡ್ಡ ನಿಂತಿತ್ತು! ಅವಳು ತಿರುಗಿ ನೋಡಿದಳು. ರಿತೇಶ್ ಸೊಂಟದುದ್ದ ನೀರಿನಲ್ಲಿ ದೋಣಿಯ ಹಗ್ಗ ಹಿಡಿದು, ಅವಳ ಕಡೆ ನೋಡದೆ ನಿಂತಿದ್ದ.

ಸೋನಾಲಿ ಎಲ್ಲರಿಗೂ ಕೇಳುವಂತೆ ಕೂಗಿದಳು.

"ಸುಳ್ಳ ಹೇಳಿದೆ ಕಾಶವ್ವಾ! ನನಗ ಇವರ ಗುರ್ತು ಐತಿ!"

ವಸ್ತಿಗೆ ವಸ್ತಿಯೇ ಕಿವಿ ನಿಮಿರಿಸಿತು. ಹಗ್ಗ ಹಿಡಿದವನ ತಲೆಯೂ ಮೇಲೆದ್ದಿತು.

"ಇವರು ರಿತೇಶ್. ತಮ್ಮ ಹುಡುಗ್ರು ಉಣ್ಣೋತನಕ ತಾವು ಉಣ್ಣಂಗಿಲ್ಲ. ನಿಮ್ಮ ಮ್ಯಾಕಿಗೂ ದೋಣ್ಯಾಗ ಜಾಗಾ ಇಟ್ಟವರು ಇವರಽ. ತಪ್ಪಾದ್ರ ತಪ್ಪಾತು ಅಂತಾರ. ಮಾತು ಕೊಟ್ರ ತಪ್ಪಂಗಿಲ್ಲ..."

"ಹೂಂ," ಎಂದಳು ಕಾಶವ್ವ, ಮೇಕೆಯ ಹಗ್ಗ ಬಿಚ್ಚುತ್ತ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಒಡ್ಡು ಒಡೆದ ಮೇಲೆ ಸೋನಾಲಿಯ ಬಾಯಿ ನಿಲ್ಲಲಿಲ್ಲ.

"ನಕ್ಷಾ ನೋಡುವಾಗ ಬಾಯಾಗಽ ಹಾಡು ಗುನುಗ್ತಾರ, ಒಂದು ಸ್ವರಾನೂ ಬರಂಗಿಲ್ಲ! ಅದನ್ನ ಕೇಳದಿದ್ರ ನನಗ ದಿನಾ ಹೋಗಂಗಿಲ್ಲ. ಬರೂದು ಸ್ವಲ್ಪ ತಡಾ ಆದ್ರ ಜೀವ ಚಡಪಡಸ್ತೈತಿ... ಮುಂಜಾನೆ ಹೆಸರು ಹಿಡದು ಕರೆದಾಗ... ಇನ್ನೊಮ್ಮೆ ಕರೀಲಿ ಅನಸ್ತು..."

ದೋಣಿಯಲ್ಲಿದ್ದ ಜವಾನರಿಗೆ ಕನ್ನಡ ಬಾರದಿದ್ದರೂ ಅವರು ಮೀಸೆಯಡಿ ನಗುತ್ತಿದ್ದರು.

ಕಾಶವ್ವ ಎರಡೂ ಕೈ ಸೊಂಟದ ಮೇಲಿಟ್ಟಳು. "ಅಲ್ಲಬೇ ತಂಗಿ, ಹಾಡು ಗುನುಗೂದು ನಮ್ಮ ದೋಣಿಗೆ ಏನ ಸಂಬಂಧ? ಇಷ್ಟೆಲ್ಲಾ ಗುರ್ತು ಇಟಗೊಂಡು ಯಾರೋ ಏನೋ ಅಂದ್ಯಲ್ಲ, ನಿನ್ನ ಬಾಯಾಗ ಮಣ್ಣ ಹಾಕ!"

ಇಡೀ ವಸ್ತಿ ಹೋ ಎಂದು ನಕ್ಕಿತು. ಸೋನಾಲಿ ಮುಖ ಮುಚ್ಚಿಕೊಂಡಳು.

ಮುದುಕಿ ರಿತೇಶ್‌ನ ಕಡೆ ತಿರುಗಿದಳು. "ಏನಪಾ, ತಿರುಗಿ ಬಂದಾಗ ನಮ್ಮ ಮನಿ ಇರತಾವೋ?"

"ನೀರು ಎಂಥ ಮಾಡ್ತದೋ ನನಗೆ ಹೇಳ್ಲಿಕ್ಕೆ ಬರುದಿಲ್ಲ ಅಜ್ಜಿ," ಎಂದ ಅವನು. "ಆದ್ರೆ ಮನುಷ್ಯರು ಮುಟ್ಟದ ಹಾಗೆ ನನ್ನ ಹುಡುಗರು ಇಲ್ಲಿ ದೋಣಿಯಲ್ಲಿ ಕಾಯ್ತಾರೆ. ನೀರು ಇಳಿದ ಮೇಲೆ ನಾನೇ ನಿಮ್ಮನ್ನು ಕರ್ಕೊಂಡು ಬರ್ತೇನೆ."

"ಮೊದಲ ಮ್ಯಾಕಿ ಹತ್ತಸು," ಎಂದಳು ಕಾಶವ್ವ.

ಭರತಿ ಏರುವ ಹೊತ್ತಿಗೆ ವಸ್ತಿಯಲ್ಲಿ ಒಂದು ಜೀವವೂ ಉಳಿದಿರಲಿಲ್ಲ. ಎಲ್ಲರೂ ಎತ್ತರದ ಶಾಲೆಯೊಂದರಲ್ಲಿ ಬೆಚ್ಚಗೆ ಕೂತು ಖಿಚಡಿ ತಿನ್ನುತ್ತಿದ್ದರು. ರಿತೇಶ್ ಆಮೇಲೂ ದೋಣಿಗಳ ಹಿಂದೆಯೇ ಓಡಾಡಿದ. ಸೋನಾಲಿ ಅಡುಗೆ, ಔಷಧಿ ಎಂದು ಸುತ್ತಿದಳು. ಆಡಿದ ಮಾತಿನ ಬಗ್ಗೆ ಮಾತಾಡಲು ಇಬ್ಬರಿಗೂ ಬಿಡುವಿರಲಿಲ್ಲ. ಧೈರ್ಯವೂ ಇರಲಿಲ್ಲ ಎನ್ನಿ!

ಕೊನೆಗೆ ಬಿಸಿಲು ಬಂತು. ನೀರು ಇಳಿಯಿತು. ರಿತೇಶ್ ತಾನೇ ಮುಂದೆ ನಿಂತು ವಸ್ತಿಯವರನ್ನು ಕರೆತಂದ. ಗೋಡೆಗಳಿಗೆ ಕೆಸರು ಮೆತ್ತಿತ್ತು, ಕೆಲವು ತಗಡು ಹಾರಿದ್ದವು. ಆದರೆ ಮನೆಗಳು ಇದ್ದವು! ಕಾಶವ್ವ ತನ್ನ ಬಾಗಿಲ ಚೌಕಟ್ಟನ್ನು ಸವರಿ ಸವರಿ ಅತ್ತಳು, ಆಮೇಲೆ ಬಾಯ್ತುಂಬ ನಕ್ಕಳು. ಮಕ್ಕಳು ಕೆಸರಲ್ಲಿ ಜಾರಿ ಆಡತೊಡಗಿದವು.

ಅಂದೇ ಸೇನೆಯ ತುಕಡಿ ಹೊರಡುವುದಿತ್ತು. ಸೋನಾಲಿಯ ಆ ಕೆಲಸವೂ ಅಂದಿಗೆ ಮುಗಿದಿತ್ತು. ಖಾಡಿಯ ಏರಿಯ ಮೇಲೆ ಒಬ್ಬಳೇ ನಿಂತಿದ್ದಾಗ ಹಿಂದಿನಿಂದ ಬೂಟಿನ ಸದ್ದು ಕೇಳಿಸಿತು. ಅವಳು ತಿರುಗಲಿಲ್ಲ.

ರಿತೇಶ್ ಏರಿಯ ಕೆಳಗೇ, ಕೆಸರಿನಲ್ಲೇ ನಿಂತ.

"ಒಂದು ಕೇಳ್ಲಿಕ್ಕೆ ಉಂಟು. ಆ ದಿನ ನೀವು ಹೇಳಿದ್ದು... ಜನ ದೋಣಿ ಹತ್ತಲಿ ಅಂತ ಹೇಳಿದ್ದಾ? ಹಾಗಾದ್ರೂ ಬೇಜಾರಿಲ್ಲ, ಒಳ್ಳೇದಕ್ಕೇ ಹೇಳಿದ್ದು. ಆದ್ರೆ ನನಗೆ ಗೊತ್ತಾಗ್ಬೇಕು. ಅಂದಿನಿಂದ ನಿದ್ರೆ ಇಲ್ಲ ಮಾರಾಯ್ರೆ!"

ಸೋನಾಲಿ ಮೆಲ್ಲಗೆ ತಿರುಗಿದಳು.

"ಜನರ ಸಲುವಾಗಿ ಹೇಳಿದ್ದು ಉಣ್ಣೋ ಮಾತು, ಮ್ಯಾಕಿ ಮಾತು. ಅಷ್ಟಕ್ಕಽ ಕಾಶವ್ವಾ ಹಗ್ಗಾ ಬಿಚ್ಚಾಕ ಹತ್ತಿದ್ಲು."

"ಮತ್ತೆ ಉಳಿದದ್ದು?"

"ಉಳಿದದ್ದು ಯಾರಿಗೂ ಬೇಕಾಗಿರಲಿಲ್ಲ... ನನಗ ಬೇಕಾಗಿತ್ತು."

ಅವನ ಕಿವಿಗಳು ಕೆಂಪಾದವು. ನಗು ತುಟಿಯಿಂದ ಕಣ್ಣಿನವರೆಗೆ ಏರಿತು. "ಹಾಗಾದ್ರೆ ಉಳಿದದ್ದು ಮಾತ್ರ ಇನ್ನೊಮ್ಮೆ ಹೇಳಿ."

"ಈಗ್ಯಾಕ್ರೀ? ಎಲ್ಲಾರೂ ದಂಡಿ ಸೇರ್‍ಯಾರಲ್ಲ!"

"ನಾನೊಬ್ಬ ಇನ್ನೂ ಸೇರಲಿಲ್ಲ, ಸೋನಾಲಿ."

ಅವಳು ಸುತ್ತಮುತ್ತ ಯಾರಿದ್ದಾರೆಂದು ನೋಡಲಿಲ್ಲ. ಬಗ್ಗಿ ಕೈ ಚಾಚಿದಳು.

"ನೀವಂದ್ರ ನನಗ ಭಾಳ ಜೀವ, ರಿತೇಶ್. ಬರ್ರಿ ಮ್ಯಾಲೆ."

ಅವನು ಆ ಕೈ ಹಿಡಿದು ಏರಿ ಹತ್ತಿ ಬಂದ. ಬಂದ ಮೇಲೂ ಕೈ ಬಿಡಲಿಲ್ಲ.