ಬಿಚ್ಚಿಟ್ಟ ವೈಫೈ ಕಾರ್ಡ್

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಡೆದದ್ದು ಮಾತ್ರ ಹಾಡುಹಗಲಲ್ಲಿ, ನಮ್ಮ ಊಟದ ಮೇಜಿನ ಮೇಲೆ.

ನಮ್ಮವರು ತೀರಿಕೊಂಡ ಮೇಲೆ ಅವರ ಲಿನಕ್ಸ್ ಲ್ಯಾಪ್‌ಟಾಪನ್ನು ನಾನೇ ಬಳಸುತ್ತಿದ್ದೆ. ಅದರ ವೈಫೈ ನಡೆಸುವ ಡ್ರೈವರ್ ಎಂಬ ಸಾಫ್ಟ್‌ವೇರ್ ಆಗಾಗ ಕ್ರ್ಯಾಶ್ ಆಗಿ ನೆಟ್ ಹೋಗುತ್ತಿತ್ತು. ಆಗೆಲ್ಲ ಅವರು ಒಂದೆರಡು ಕಮಾಂಡ್ ಟೈಪ್ ಮಾಡಿ ಡ್ರೈವರನ್ನು ತೆಗೆದು ಮತ್ತೆ ಹಾಕಿ, ನೆಟ್ ಬರುವ ತನಕ ಉಗುರಿನಿಂದ ಮೇಜಿಗೆ ಟಕ್ ಟಕ್ ಎಂದು ಬಡಿಯುತ್ತಾ, "ಬಾರೇ ಮಹರಾಯ್ತಿ" ಎಂದು ಗೋಗರೆಯುತ್ತಿದ್ದರು.

ಆ ಕಮಾಂಡುಗಳನ್ನು ನಾನೂ ಕಲಿತೆ. ಡ್ರೈವರ್ ಹಾಕಿದೊಡನೆ ಮೇಜಿನಿಂದ ಟಕ್ ಟಕ್ ಕೇಳುತ್ತಿತ್ತು; ಆಮೇಲೇ ನೆಟ್ ಬರುತ್ತಿತ್ತು. ಅದಕ್ಕೇ ರಿಪೇರಿ ಮಾಡಿಸಲಿಲ್ಲ. ಯಾವಾಗ ನೆಟ್ ಹೋಗುತ್ತದೋ ಎಂದು ಕಾಯುತ್ತಿದ್ದೆ.

ಒಂದು ಮಧ್ಯಾಹ್ನ ಬಂದ ಮೈದುನ, ನೆಟ್ ಹೋದದ್ದು ಕಂಡು ಸುಮ್ಮನಿರಲಿಲ್ಲ. ಲ್ಯಾಪ್‌ಟಾಪ್ ಆಫ್ ಮಾಡಿ, ಹಿಂಬದಿ ಬಿಚ್ಚಿ, ಪುಟ್ಟ ವೈಫೈ ಕಾರ್ಡನ್ನು ಕಿತ್ತು ನನ್ನ ಅಂಗೈಗಿಟ್ಟ.

"ಅತ್ತಿಗೆ, ಕಾರ್ಡೇ ಕೆಟ್ಟಿದೆ. ನಾಳೆ ಹೊಸದು ತರ್ತೀನಿ."

"ನಿಂಗ್ಯಾರಪ್ಪಾ ತೆಗಿ ಅಂದಿದ್ದು?" ನಾನು ಕಾರ್ಡನ್ನು ಮುಷ್ಟಿಯಲ್ಲಿ ಬಿಗಿಹಿಡಿದೆ.

ಮೇಜು ಟಕ್ ಟಕ್ ಎಂದಿತು. ಅವನ ಎರಡೂ ಕೈ ಸ್ಕ್ರೂ ಬಿಗಿಯುತ್ತಿದ್ದವು.

"ಅಣ್ಣ ಹೀಗೇ ಅಲ್ವಾ..." ಎಂದವನು ಮೇಜಿನ ಕೆಳಗೆ ಬಗ್ಗಿ ನೋಡಿದ.

ಹೊಸ ಕಾರ್ಡ್ ಬಂದ ಮೇಲೆ ನೆಟ್ ಒಮ್ಮೆಯೂ ಹೋಗಿಲ್ಲ, ಮೇಜೂ ಸದ್ದು ಮಾಡಿಲ್ಲ. ಹಳೆಯ ಕಾರ್ಡ್ ನನ್ನ ಕಪಾಟಿನಲ್ಲಿದೆ. ಯಾವಾಗ ಮುಟ್ಟಿದರೂ ಅದು ಈಗಷ್ಟೇ ಕೆಲಸ ಮುಗಿಸಿದಂತೆ ಬೆಚ್ಚಗಿರುತ್ತದೆ.