ಬೇರೆ ವಾಸ

"ಮೇಡಂ, ಒಂದು ನಿಮಿಷ. ಈ ಬಾಣ ಎಲ್ಲಿಗೆ ಹೋಗುತ್ತೆ?"

ಸಭೆಯ ಕೋಣೆಯಲ್ಲಿದ್ದ ಎಲ್ಲ ತಲೆಗಳೂ ಹಿಂದಿನ ಸಾಲಿನ ಕಡೆ ತಿರುಗಿದವು. ಪರದೆಯ ಮುಂದೆ ನಿಂತಿದ್ದ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಇನ್ನೂ ಮೊದಲನೇ ಚಿತ್ರ! ಬಾಯಿ ತೆರೆದು ಎರಡು ವಾಕ್ಯ ಆಡಿಲ್ಲ, ಆಗಲೇ ಪ್ರಶ್ನೆ!

"ನಿಮ್ಮ ದೇಶಕ್ಕೆ," ಎಂದಳು ಹಲ್ಲು ಕಚ್ಚಿ.

"ಅದು ಕಾಣ್ತಿದೆ. ನಮ್ಮ ದೇಶದಲ್ಲಿ ಯಾರ ಮೇಜಿಗೆ?"

ಉತ್ತರ ಅವಳಿಗೆ ಗೊತ್ತಿರಲಿಲ್ಲ. ಅದು ಅವನಿಗೆ ಗೊತ್ತಾಯಿತು. ಗೊತ್ತಾದದ್ದು ಅವಳಿಗೂ ಗೊತ್ತಾಯಿತು. ಕೆನ್ನೆ ಕೆಂಪಗಾಗಲು ಇನ್ನೇನು ಬೇಕು?

ಗಡಿಯ ಆಚೆ ಈಚೆ ಎರಡು ದೇಶ. ಮಾತು ಒಂದೇ, ಸರ್ಕಾರ ಬೇರೆ. ಇಲ್ಲಿನವರು ಅಲ್ಲಿ ಮದುವೆಯಾಗುತ್ತಾರೆ, ಅಲ್ಲಿನವರು ಇಲ್ಲಿ ದುಡಿಯುತ್ತಾರೆ, ಆಮೇಲೆ ಒಂದು ಪ್ರಮಾಣಪತ್ರಕ್ಕಾಗಿ ಎರಡೂ ಕಡೆಯ ಕಚೇರಿಗಳಿಗೆ ಅಲೆದು ಚಪ್ಪಲಿ ಸವೆಸುತ್ತಾರೆ. ಈ ಅಲೆದಾಟ ತಪ್ಪಿಸಲು ಎರಡು ಸರ್ಕಾರಗಳ ಕಂಪ್ಯೂಟರ್‌ಗಳು ತಮ್ಮತಮ್ಮಲ್ಲೇ ಕೇಳಿ ತಿಳಿದುಕೊಳ್ಳುವ ಒಂದು ವ್ಯವಸ್ಥೆ ಬೇಕಿತ್ತು. ಅದರ ನಕ್ಷೆ ಬರೆಯುವ ಕೆಲಸ ಅವಳದು. ದಿನವಿಡೀ ಚೌಕ ಬಿಡಿಸಿ, ಚೌಕಗಳ ನಡುವೆ ಬಾಣ ಎಳೆಯುವ ಅವಳಿಗೆ ಕಚೇರಿಯವರು ‘ಬಾಣ’ ಎಂದೇ ಹೆಸರಿಟ್ಟಿದ್ದರು.

ಅವನು ಆಚೆ ದೇಶದ ವಿನ್ಯಾಸಕಾರ. ಅವನಿಗೆ ಹೆಸರಿಡಲು ಅವಳಿಗೆ ಆ ಒಂದು ಸಭೆ ಸಾಕಾಯಿತು. ಅಡ್ಡಪ್ರಶ್ನೆ!

ಮೊದಲ ತಿಂಗಳು ಜಗಳದಲ್ಲೇ ಕಳೆಯಿತು. ಅವರವರ ದಾಖಲೆ ಅವರವರ ದೇಶದಲ್ಲೇ ಇರಲಿ, ಪ್ರಶ್ನೆ ಮಾತ್ರ ಗಡಿ ದಾಟಲಿ, ಉತ್ತರ ಮಾತ್ರ ವಾಪಸು ಬರಲಿ ಎಂದು ಅವಳು ಹೇಳಿದರೆ, ಆ ಉತ್ತರವೇ ತಪ್ಪಾಗಿದ್ದರೆ ಹೊಣೆ ಯಾರದು ಎಂದು ಅವನು ಕೇಳುತ್ತಿದ್ದ. ಈ ಮನುಷ್ಯನಿಗೆ ನನ್ನ ತಲೆ ತಿನ್ನುವುದು ಬಿಟ್ಟು ಬೇರೆ ಕೆಲಸವಿಲ್ಲವೇ ಎಂದು ಗೊಣಗುತ್ತಿದ್ದವಳಿಗೆ, ಅವನು ಬಾರದ ವಾರ ಸಭೆಯೇ ಸಪ್ಪೆ ಎನಿಸಿದಾಗ ಗಾಬರಿಯಾಯಿತು.

ಅಯ್ಯೋ, ಇದೇನು ಬಂತು ನನಗೆ!

ಅವನಿಗೂ ಅದೇ ಬಂದಿತ್ತು ಅನ್ನಿ. ಸಭೆ ಇಲ್ಲದ ದಿನವೂ ಏನಾದರೊಂದು ನೆಪ ಹೂಡಿ ಗಡಿ ದಾಟಿ ಬರುತ್ತಿದ್ದ. ‘ಮೇಡಂ’ ಹೋಗಿ ‘ನೀವು’ ಬಂತು, ‘ನೀವು’ ಹೋಗಿ ‘ನೀನು’ ಬಂತು. ಪ್ರೀತಿ ಎನ್ನುವ ಪದ ಮಾತ್ರ ಇಬ್ಬರ ಬಾಯಿಂದಲೂ ಬರಲಿಲ್ಲ. ದಿನವಿಡೀ ಪದಗಳನ್ನು ತೂಗಿ ನೋಡುವವರಿಗೆ ಇರುವ ರೋಗ ಅದು.

ಇಲ್ಲೊಂದು ಮಾತು ಹೇಳಿಬಿಡಬೇಕು. ಎರಡು ಕಂಪ್ಯೂಟರ್‌ಗಳನ್ನು ಜೋಡಿಸುವುದು ಸುಲಭ, ಎರಡು ದೇಶಗಳ ಪದಗಳನ್ನು ಜೋಡಿಸುವುದು ಕಷ್ಟ. ನಿಮ್ಮವರು ‘ಮಕ್ಕಳು’ ಅಂದರೆ ದತ್ತು ಮಕ್ಕಳೂ ಸೇರಿದರೇ? ನಮ್ಮವರು ‘ಮನೆ’ ಅಂದರೆ ಬಾಡಿಗೆ ಮನೆಯೂ ಸೇರಿತೇ? ಹೀಗೆ ಒಂದೊಂದು ಪದಕ್ಕೂ ಆಯಾ ಇಲಾಖೆಯನ್ನು ಕೇಳಿ, ಇದೂ ಅದೂ ಒಂದೇ ಎಂದು ಖಚಿತವಾದ ಮೇಲೆಯೇ ಬಾಣ ಎಳೆಯಬೇಕು.

ಆ ಸಂಜೆ ಉಳಿದಿದ್ದದ್ದು ಒಂದೇ ಪದ. ವೈವಾಹಿಕ ಸ್ಥಿತಿಯ ಕೆಳಗೆ ‘ಬೇರೆ ವಾಸ’. ಎರಡೂ ದೇಶಗಳಲ್ಲಿ ಅಕ್ಷರಕ್ಕೆ ಅಕ್ಷರ ಅದೇ ಪದ. ಅವನ ಬಸ್ಸಿಗೆ ಇನ್ನು ಸ್ವಲ್ಪವೇ ಹೊತ್ತಿತ್ತು. ಬಸ್ ನಿಲ್ದಾಣದವರೆಗೆ ಅವನ ಜೊತೆ ನಿಧಾನವಾಗಿ ನಡೆಯಬೇಕೆಂದು ಅವಳು ಬೆಳಗಿನಿಂದ ಕಾದು ಕುಳಿತಿದ್ದಳು.

"ನಮ್ಮಲ್ಲಿ ಬೇರೆ ವಾಸ ಅಂದ್ರೆ ಗಂಡ ಹೆಂಡ್ತಿ ಸಂಬಂಧ ಕಡ್ಕೊಂಡು ದೂರ ಆದವರು. ನಿಮ್ಮಲ್ಲೂ ಅದೇನಾ? ನೋಂದಣಿ ಇಲಾಖೆಯವರನ್ನ ಕೇಳಿದ್ಯಾ?" ಎಂದ ಅವನು.

"ಕೇಳಿದ್ದೀನಿ. ಅದೇ," ಎಂದಳು.

ಕೇಳಿರಲಿಲ್ಲ.

ಅಷ್ಟೊಂದು ಪ್ರಶ್ನೆ ಕೇಳುವ ಮನುಷ್ಯ ಅವಳ ಆ ಒಂದು ಮಾತಿಗೆ ಎರಡನೇ ಪ್ರಶ್ನೆ ಹಾಕಲಿಲ್ಲ. ತಲೆಯಾಡಿಸಿ ಒಪ್ಪಿಗೆ ಕೊಟ್ಟ. ಅವಳು ಬಾಣ ಎಳೆದಳು, ಲ್ಯಾಪ್‌ಟಾಪ್ ಮುಚ್ಚಿದಳು. ಇಬ್ಬರೂ ಮಾತಾಡುತ್ತಾ ನಡೆದರು. ಅಂದು ಅವಳ ಕಾಲು ನೆಲದ ಮೇಲಿರಲಿಲ್ಲ. ನಾಳೆ ಕೇಳಿದರಾಯಿತು ಅಂದುಕೊಂಡಿದ್ದಳು. ಮರುದಿನ ಮರೆತಳು.

ವ್ಯವಸ್ಥೆ ಶುರುವಾಯಿತು. ಎರಡೂ ಕಡೆಯ ದೊಡ್ಡವರು ಕೈಕುಲುಕಿದರು. ಕೆಲವು ವಾರಗಳಾದ ಮೇಲೆ ಒಂದು ಮಧ್ಯಾಹ್ನ ಅವನ ಫೋನ್ ಬಂತು. ದನಿ ಪೂರ್ತಿ ಇಳಿದುಹೋಗಿತ್ತು.

ಅವನ ಅಕ್ಕನ ಗಂಡ ಅವಳ ದೇಶದ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದ. ಮೇಲಿಂದ ಬಿದ್ದು ಕಾಲು, ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದ್ದ. ಸುದ್ದಿ ತಿಳಿದ ಅಕ್ಕ ಇದ್ದ ಬಟ್ಟೆಯಲ್ಲೇ ಗಡಿಗೆ ಓಡಿದ್ದಳು. ಗಂಡನಿಗೆ ಅಪಘಾತವಾದರೆ ಹೆಂಡತಿಗೆ ಕೂಡಲೇ ತುರ್ತು ಪಾಸು ಸಿಗಬೇಕು, ಹೊಸ ವ್ಯವಸ್ಥೆಯ ದೊಡ್ಡ ಹೆಮ್ಮೆಯೇ ಅದು. ಆದರೆ ಕಿಟಕಿಯಲ್ಲಿದ್ದವನು ಕಂಪ್ಯೂಟರ್ ನೋಡಿ, ಹಿಂದೆ ನಿಂತಿದ್ದವರೆಲ್ಲರಿಗೂ ಕೇಳುವಂತೆ, ನಿಮ್ಮ ಗಂಡನ ದಾಖಲೆಯಲ್ಲಿ ಬೇರೆ ವಾಸ ಅಂತಿದೆ, ನೀವು ಗಂಡನಿಂದ ದೂರ ಆದವರು, ಪಾಸು ಬರಲ್ಲ ಎಂದುಬಿಟ್ಟಿದ್ದ.

ಅಕ್ಕ ಅಲ್ಲಿಂದಲೇ ಆಸ್ಪತ್ರೆಗೆ ಫೋನ್ ಹಚ್ಚಿ ಗಂಡನನ್ನು ಕೇಳಿದ್ದು ಒಂದೇ ಮಾತು. ಬೇರೆ ವಾಸ ಅಂತ ಬರೆಸಿದ್ದು ನೀವೇನಾ? ನೋವಿನಲ್ಲಿದ್ದ ಭಾವ, ಹೌದು ಏನೀಗ, ಎಂದಿದ್ದ. ಅಕ್ಕ ಫೋನ್ ಇಟ್ಟು ಮನೆಗೆ ವಾಪಸಾಗಿದ್ದಳು. ಆಮೇಲೆ ಗಂಡನ ಒಂದು ಕರೆಯನ್ನೂ ಎತ್ತಿರಲಿಲ್ಲ.

"ಯಂತ್ರದ ತಪ್ಪಿರಬಹುದಾ ಅಂತ ನನ್ನನ್ನ ಕೇಳಿದ್ಲು ಅಕ್ಕ," ಎಂದ ಅವನು. "ಇಲ್ಲ, ನಾವು ವಿಚಾರಿಸಿಯೇ ಹಾಕಿದ್ದು ಅಂದೆ. ನೀನು ಕೇಳಿದ್ದೆ ಅಲ್ವಾ, ಅದೊಂದೇ ಧೈರ್ಯ ನನಗೆ."

ಹೂಂ ಎಂದಳೋ ಉಹೂಂ ಎಂದಳೋ ಅವಳಿಗೇ ನೆನಪಿಲ್ಲ. ಫೋನ್ ಇಟ್ಟವಳೇ ನೋಂದಣಿ ಇಲಾಖೆಗೆ ಕರೆ ಮಾಡಿದಳು.

"ಅಯ್ಯೋ, ಕೆಲಸಕ್ಕೆ ಅಂತ ಒಬ್ರು ಇಲ್ಲಿ, ಒಬ್ರು ಅಲ್ಲಿ ಇರ್ತಾರಲ್ಲ ಮೇಡಂ, ಅದಕ್ಕೆ ಬೇರೆ ವಾಸ ಅಂತೀವಿ," ಎಂದರು ಅಲ್ಲಿನ ಅಧಿಕಾರಿ. "ವಿಳಾಸ ಬೇರೆ, ಅಷ್ಟೇ. ಸಂಸಾರ ಚೆನ್ನಾಗೇ ಇರುತ್ತೆ."

ಎಷ್ಟು ಹೊತ್ತು ಹಿಡಿಯಿತು ಕೇಳಲು? ಒಂದು ಲೋಟ ನೀರು ಕುಡಿಯುವಷ್ಟು.

ಅವಳು ಬಾಣವನ್ನು ಸರಿಯಾದ ಕಡೆ ತಿರುಗಿಸಿ, ‘ತಾಂತ್ರಿಕ ಅಡಚಣೆ ನಿವಾರಿಸಲಾಗಿದೆ’ ಎಂದು ಎರಡೂ ಕಡೆಗೆ ಸೂಚನೆ ಕಳಿಸಿದಳು. ಹೀಗೊಂದು ಸುಳ್ಳಿಗೆ ಇನ್ನೊಂದು ಸುಳ್ಳು ಜೊತೆಯಾಯಿತು. ಆದರೆ ಅಕ್ಕನ ಮನಸ್ಸನ್ನು ಯಾರು ತಿರುಗಿಸಬೇಕು? ನಿನ್ನ ಗಂಡ ನಿನ್ನನ್ನು ಬಿಟ್ಟಿಲ್ಲ, ಬಿಟ್ಟವನೆಂದು ತೋರಿಸಿದವಳು ನಾನು ಎಂದು ಯಾರು ಹೇಳಬೇಕು? ಹೇಳಿದರೆ ಅವನು ನನ್ನ ಮುಖ ನೋಡುತ್ತಾನೆಯೇ?

ಅವನ ಕರೆ ಬಂದಾಗಲೆಲ್ಲ ಫೋನ್ ಮಗುಚಿಟ್ಟಳು. ಕರೆ ಮಾಡಿ ಮಾಡಿ ಸೋತ ಅವನು ಒಂದು ಸಂದೇಶ ಕಳಿಸಿದ. ‘ನಮ್ಮ ಮನೆಯ ಗಲಾಟೆ ನಿನಗೆ ಬೇಡ ಅನ್ನಿಸಿದ್ರೆ ಹೇಳಿಬಿಡು. ತಪ್ಪು ತಿಳಿಯಲ್ಲ.’

ದೇವರೇ... ಇವನು ನನ್ನನ್ನು ಎಷ್ಟು ಒಳ್ಳೆಯವಳು ಅಂದುಕೊಂಡಿದ್ದಾನೆ! ಅವಳು ಸ್ನಾನದ ಮನೆಯ ನಲ್ಲಿ ಬಿಟ್ಟು ಅತ್ತಳು.

ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದವಳನ್ನು ಅಮ್ಮ ಎರಡು ದಿನ ನೋಡಿದಳು. ಮೂರನೆಯ ದಿನ ರೇಗಿದಳು.

"ಊಟ ಇಲ್ಲ, ಮಾತಿಲ್ಲ. ಯಾರದೋ ಸಂಸಾರ ಹಾಳು ಮಾಡಿ ಬಂದವಳ ಥರ ಕೂತಿದ್ದೀಯೇ?"

ಅಮ್ಮ ಬಾಯಿಗೆ ಬಂದದ್ದು ಅಂದಿದ್ದಳು. ಮಗಳು ತುತ್ತು ಕೆಳಗಿಟ್ಟು ಎದ್ದಳು.

ಮರುದಿನ ಮೊದಲು ಹೋದದ್ದು ಕಚೇರಿಯ ಮುಖ್ಯಸ್ಥರ ಬಳಿಗೆ. ಕೇಳದೆಯೇ ಕೇಳಿದ್ದೇನೆ ಎಂದೆ, ಅಡಚಣೆ ಎಂದು ಬರೆದದ್ದೂ ಸುಳ್ಳು, ಇನ್ನೂ ಎಷ್ಟು ಜನರಿಗೆ ಪಾಸು ತಪ್ಪಿದೆಯೋ ಹುಡುಕಬೇಕು ಎಂದು ಒಂದೇ ಉಸಿರಿಗೆ ಹೇಳಿದಳು. ಮುಖ್ಯಸ್ಥರು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡ ಎಂದರು. ಅಲ್ಲಿಂದ ನೇರವಾಗಿ ಗಡಿಯ ಬಸ್ಸು ಹತ್ತಿದಳು.

ಅಕ್ಕನದು ಕನ್ನಡಕದ ಅಂಗಡಿ. ಅಕ್ಕ ಗಾಜು ಒರೆಸುತ್ತಾ ಒಳಗೆ ಕೂತಿದ್ದಳು. ರಜೆ ಹಾಕಿ ಬಂದಿದ್ದ ಅಡ್ಡಪ್ರಶ್ನೆ ಗಲ್ಲಾಪೆಟ್ಟಿಗೆಯ ಹತ್ತಿರ ನಿಂತಿದ್ದ. ಬಾಗಿಲಲ್ಲಿ ಅವಳನ್ನು ಕಂಡು ಅವನ ಮುಖ ಅರಳಿತು. ಆ ಮುಖವನ್ನು ನೋಡಲಾಗದೆ ಅವಳು ಅಕ್ಕನ ಕಡೆ ತಿರುಗಿದಳು.

"ಅಕ್ಕ, ಭಾವ ನಿಮ್ಮನ್ನ ಬಿಟ್ಟಿಲ್ಲ. ನೀವು ಇಲ್ಲಿದ್ದೀರ, ಅವರು ಅಲ್ಲಿದ್ದಾರೆ ಅಂತ ಬರೆಸಿದ್ದು, ಅಷ್ಟೇ. ನಮ್ಮಲ್ಲಿ ಆ ಮಾತಿಗೆ ಅರ್ಥ ಅದು. ನಾನು ಯಾರನ್ನೂ ಕೇಳಿರಲಿಲ್ಲ. ಕೇಳಿದ್ದೀನಿ ಅಂತ ನಿಮ್ಮ ತಮ್ಮನಿಗೆ ಸುಳ್ಳು ಹೇಳಿದ್ದೆ."

ಅವನ ಕಡೆಯಿಂದ ಒಂದು ಪ್ರಶ್ನೆಯಾದರೂ ಬರಬಹುದೆಂದು ಅವಳು ಕಾದಳು. ಬರಲಿಲ್ಲ.

"ಬಿದ್ದಿದ್ದು ಒಳ್ಳೇದೇ ಆಯ್ತು ಅಂದ್ಕೊಂಡಿದ್ದೆ," ಎಂದಳು ಅಕ್ಕ, ಬಹಳ ಮೆಲ್ಲಗೆ. "ಅಷ್ಟು ನೋವಲ್ಲಿರೋ ಗಂಡನಿಗೆ... ಇನ್ನೊಂದು ಕಾಲೂ ಮುರೀಲಿ ಅಂದ್ಕೊಂಡಿದ್ದೆ ಕಣೇ. ನನ್ನ ಬಾಯಲ್ಲಿ ಆ ಮಾತು ಬರೋ ಹಾಗೆ ಮಾಡ್ದೆಯಲ್ಲ."

ಹೊಡೆದಿದ್ದರೆ ಸಹಿಸಬಹುದಿತ್ತು. ಕ್ಷಮಿಸಿ ಎನ್ನುವ ಪದ ಆ ಮಾತಿನ ಮುಂದೆ ಎಷ್ಟು ಚಿಕ್ಕದೆನಿಸಿತೆಂದರೆ, ಅದನ್ನು ಆಡಲೂ ಅವಳಿಗೆ ನಾಚಿಕೆಯಾಯಿತು.

ಅಕ್ಕ ಎದ್ದು ಅಂಗಡಿಯ ಬಾಗಿಲು ಎಳೆದಳು. "ನಡಿ. ಅವರ ಮುಂದೆಯೂ ನೀನೇ ಹೇಳ್ಬೇಕು."

ಈ ಬಾರಿ ಗಡಿಯ ಕಿಟಕಿಯಲ್ಲಿ ಪಾಸು ತಕ್ಷಣ ಬಂತು. ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ, ತಮ್ಮ ಎದುರಿನ ಸೀಟಿನಲ್ಲಿ, ಅಕ್ಕನ ಪಕ್ಕ ಬಾಣ. ದಾರಿಯುದ್ದಕ್ಕೂ ಅವನು ಅವಳ ಕಡೆ ತಿರುಗಲಿಲ್ಲ.

ಆಸ್ಪತ್ರೆಯಲ್ಲಿ ಹೆಂಡತಿಯನ್ನು ಕಂಡ ಭಾವ ಗೋಡೆ ಕಡೆ ಮುಖ ತಿರುಗಿಸಿದ. ಬಾಣ ಮಂಚದ ಕಾಲ ಬಳಿ ನಿಂತು ಮತ್ತೆ ಎಲ್ಲವನ್ನೂ ಹೇಳಿದಳು, ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ. ಭಾವ ಕೊನೆಯವರೆಗೂ ಕೇಳಿದ. ಆಮೇಲೆ ಅವಳನ್ನಲ್ಲ, ಹೆಂಡತಿಯನ್ನು ನೋಡಿದ.

"ಬೇರೆ ವಾಸ ಬೇಡ ಅಂತ ತಾನೇ ವರ್ಷದಿಂದ ಇಲ್ಲೊಂದು ಮನೆ ಹುಡುಕ್ತಿರೋದು, ಪೆದ್ದಿ."

ಅಕ್ಕ ಅವನ ಕೈ ಹಿಡಿದು ಜೋರಾಗಿ ಅಳತೊಡಗಿದಳು. ಉಳಿದಿಬ್ಬರೂ ಹೊರಗೆ ಬಂದು ಬಾಗಿಲು ಮುಂದೆಳೆದರು.

ಕಾರಿಡಾರಿನ ಬೆಂಚಿನ ಒಂದು ತುದಿಗೆ ಅವಳು, ಇನ್ನೊಂದು ತುದಿಗೆ ಅವನು.

"ಯಾಕೆ ಸುಳ್ಳು ಹೇಳ್ದೆ?" ಎಂದ ಅವನು. ಅಂಗಡಿಯಿಂದ ಹೊರಟ ಮೇಲೆ ಆಡಿದ ಮೊದಲ ಮಾತು.

"ನಿನ್ನ ಬಸ್ಸಿಗೆ ಹೊತ್ತಾಗ್ತಿತ್ತು. ನಿನ್ನ ಜೊತೆ ನಡ್ಕೊಂಡು ಹೋಗ್ಬೇಕು ಅಂತ ಆಸೆ ಇತ್ತು. ನಿನ್ನ ಮೇಲೆ ಅಷ್ಟು ಪ್ರೀತಿ ಇತ್ತು ಕಣೋ... ಅದನ್ನ ಹೇಳೋಕೆ ಬಾಯಿ ಬರ್ಲಿಲ್ಲ. ಸುಳ್ಳಿಗೆ ಬಂತು."

ಅವನು ಅವಳ ಕಡೆ ತಿರುಗಿದ.

"ಹಾಗಂತ ಹೇಳಿದ್ರೆ ಬಸ್ಸನ್ನೇ ಬಿಡ್ತಿದ್ನಲ್ಲೇ."

ಅಷ್ಟೇ ಸಾಕಾಯಿತು. ಅಷ್ಟು ದಿನ ನಲ್ಲಿಯ ಸದ್ದಿನಲ್ಲಿ ಅತ್ತವಳು ಈಗ ಎಲ್ಲರ ಎದುರಿಗೇ ಅತ್ತಳು. ಅವನು ಸಮಾಧಾನ ಮಾಡಲಿಲ್ಲ. ಅವನ ಕಣ್ಣೂ ತುಂಬಿತ್ತು. ಊರಿಗೆಲ್ಲ ಪ್ರಶ್ನೆ ಕೇಳುವ ನಾನು ಭಾವನಿಗೊಂದು ಫೋನ್ ಮಾಡಿ ಕೇಳಲಿಲ್ಲ, ಅಕ್ಕನಿಗೆ ನಾನೇ ಸಾಕ್ಷಿ ಹೇಳಿದೆ, ಆ ತಪ್ಪನ್ನು ನಿನ್ನ ತಲೆಗೆ ಕಟ್ಟಲು ಆಗಲ್ಲ ಎಂದ. ಆಮೇಲೆ ಬೆಂಚಿನ ಮೇಲೆ ಸರಿದು ಅವಳ ಪಕ್ಕಕ್ಕೆ ಬಂದ.

"ಕೋಪ ಇದ್ಯಾ?" ಎಂದಳು, ಮುಖ ಎತ್ತದೆ.

"ತುಂಬಾ ಇದೆ."

"ನಾಳೆಗೆ ಹೋಗುತ್ತಾ?"

"ನಾಳೆನೂ ಇರುತ್ತೆ. ಬಂದು ನೋಡು."

"ನಾಳೆನೂ ಇದ್ರೆ?"

"ನಾಳಿದ್ದೂ ಬಾ," ಎಂದ ಅವನು, ಅವಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಳ್ಳುತ್ತಾ. "ಕೋಪ ಹೋದ್ಮೇಲೂ ಬಾ."