ಏನೂ ಆಗದೆ ಬಂದವಳು

"ಯಾರಾದ್ರೂ ಬನ್ನಿ! ಅಮ್ಮ ಬಿದ್ದುಬಿಟ್ಟಿದ್ದಾರೆ!"

ಅವಳು ಬಾಗಿಲಿಗೆ ಬಂದು ಕೂಗಿದಾಗ ಓಣಿ ಖಾಲಿಯಿತ್ತು. ಗಂಡಸರೆಲ್ಲ ಬೆಳಕು ಹರಿಯುವ ಮೊದಲೇ ದೋಣಿ ಹತ್ತಿ ಹೋಗಿದ್ದರು. ಉಳಿದವರು ಮುದುಕರು, ಮಂಡಿ ನೋವಿನವರು, ಕಂಕುಳಲ್ಲಿ ಮಗು ಇದ್ದವರು.

ಇನ್ನೊಬ್ಬ ಇದ್ದ. ಓಣಿಯ ಕೊನೆಯ ಬಾಡಿಗೆ ಕೋಣೆಗೆ ಹೊಸದಾಗಿ ಬಂದಿದ್ದ ದೋಣಿ ಎಂಜಿನ್ ಮೆಕ್ಯಾನಿಕ್. ದಡದಲ್ಲೇ ದುಡಿಯುವ ಗಂಡಸು. ಅವನು ಓಡುತ್ತಾ ಬಂದ. ಮೊಣಕೈವರೆಗೂ ಕಪ್ಪು ಗ್ರೀಸು!

"ಎಲ್ಲಿದ್ದಾರೆ?"

"ನಿಲ್ಲಿ! ಮೊದಲು ಕೈ ತೊಳ್ಕೊಳ್ಳಿ!"

ಅವನು ಹೊಸ್ತಿಲ ಮೇಲೇ ನಿಂತುಬಿಟ್ಟ. ಒಳಗಿನ ಕೋಣೆಯಿಂದ ಅಮ್ಮನ ದನಿ ಬಂತು. "ತೊಳೀಲಿ, ತೊಳೀಲಿ. ಸೋಪು ಹಾಕಿ ನಿಧಾನಕ್ಕೆ ತೊಳೀಲಿ. ನನಗೇನು, ನೆಲದ ಮೇಲೆ ಹಾಯಾಗಿದ್ದೀನಿ!"

ಅವಳಿಗೆ ನಾಚಿಕೆಯಾಯಿತು. ಆದರೆ ಒಗೆದ ಹೊದಿಕೆಯನ್ನು ಆಗಷ್ಟೇ ಅಮ್ಮನ ಕುರ್ಚಿಗೆ ಹಾಸಿದ್ದಳು. 'ಅದನ್ನು ಇನ್ನೊಮ್ಮೆ ಒಗೆಯುವ ಶಕ್ತಿ ನನ್ನಲ್ಲಿಲ್ಲ... ಈ ಮನುಷ್ಯನಿಗೆ ಅದನ್ನು ಹೇಗೆ ಹೇಳಲಿ?'

ಅವನು ಮೊಣಕೈವರೆಗೂ ತೊಳೆದು ಬಂದ. ಲಕ್ವ ಹೊಡೆದು ಎಡಭಾಗವೆಲ್ಲ ಮರಗಟ್ಟಿದ್ದ ಆ ಭಾರದ ಹೆಂಗಸಿನ ಒಂದು ಪಕ್ಕ ಕುಳಿತ, ಇನ್ನೊಂದು ಪಕ್ಕ ಅವಳನ್ನು ಕೂರಿಸಿದ.

"ಬೆನ್ನ ಕೆಳಗೆ ಕೈ ತನ್ನಿ. ನನ್ನ ಮಣಿಕಟ್ಟು ಹಿಡ್ಕೊಳ್ಳಿ. ಬೆರಳಲ್ಲ, ಬೆರಳು ಜಾರುತ್ತೆ. ಮಣಿಕಟ್ಟು."

ಹಿಡಿದಳು. ಅವನೂ ಅವಳ ಮಣಿಕಟ್ಟನ್ನು ಹಿಡಿದ. ಅಮ್ಮನ ಬೆನ್ನ ಕೆಳಗೆ ಯಾರಿಗೂ ಕಾಣದ ಹಾಗೆ ಎರಡು ಕೈಗಳು ಒಂದಕ್ಕೊಂದು ಬೀಗ ಹಾಕಿಕೊಂಡವು. ಎಷ್ಟೋ ಕಾಲದಿಂದ ಅವಳ ಕೈಯನ್ನು ಯಾರೂ ಹಿಡಿದಿರಲಿಲ್ಲ. ಹಿಡಿದರೆ ಹೀಗೆಯೇ... ಕೆಲಸಕ್ಕಾಗಿ.

ಅಮ್ಮ ಕುರ್ಚಿ ಸೇರಿದ ಮೇಲೆ ಅವನು ಕೇಳಿದ, "ನಾಳೆ ಎಷ್ಟು ಹೊತ್ತಿಗೆ ಎಬ್ಬಿಸ್ತೀರಿ?"

"ಯಾಕೆ?"

"ಒಬ್ರೇ ಎತ್ತೋಕೆ ಹೋಗಿ ತಾನೇ ಬೀಳಿಸಿದ್ದು?"

"ನಾನು ಬೀಳಿಸಲಿಲ್ಲ!"

"ಬೀಳಿಸಿದಳು," ಅಂದರು ಅಮ್ಮ.

*

ಅಂದಿನಿಂದ ಅವನು ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಬರುತ್ತಿದ್ದ, ಸಂಜೆ ಕೆಲಸ ಬಿಟ್ಟ ಮೇಲೆ ಬರುತ್ತಿದ್ದ. ಕೈ ತೊಳೆದುಕೊಂಡೇ ಬರುತ್ತಿದ್ದ.

ಆ ಓಣಿಯಲ್ಲಿ ಅದೇನೂ ದೊಡ್ಡ ಸಂಗತಿಯಲ್ಲ. ಹಿಂದಿನ ಮನೆಯ ಚಿಕ್ಕಮ್ಮ, ಯಾರಿಗೂ ಸ್ವಂತ ಚಿಕ್ಕಮ್ಮ ಅಲ್ಲದಿದ್ದರೂ ಎಲ್ಲರಿಗೂ ಚಿಕ್ಕಮ್ಮನೇ ಆದವರು, ಮಧ್ಯಾಹ್ನ ಬಂದು ಅಮ್ಮನ ಹತ್ತಿರ ಕೂರುತ್ತಿದ್ದರು. ಅವಳು ಓಣಿಯವರ ಹರಿದ ರೈನ್‌ಕೋಟು, ಜಿಪ್ಪು ಕಿತ್ತ ಚೀಲ, ಮಕ್ಕಳ ಶಾಲೆಯ ಬಟ್ಟೆ ಹೊಲಿದುಕೊಡುತ್ತಿದ್ದಳು. ಅವಳನ್ನು ಎಲ್ಲರೂ ಟೈಲರ್ ಅಂತಲೇ ಕರೆಯುತ್ತಿದ್ದರು. ಉಪ್ಪುಗಾಳಿಗೆ ಅವಳ ಹೊಲಿಗೆ ಯಂತ್ರ ತುಕ್ಕು ಹಿಡಿದು ಕಿರುಗುಟ್ಟಿದರೆ ಅವನು ಬಿಚ್ಚಿ ಎಣ್ಣೆ ಬಿಡುತ್ತಿದ್ದ. ಅವನು ಕೆಲಸಕ್ಕೆ ತೊಡುವ ಡಾಂಗ್ರಿಯ ಮಂಡಿ ಹರಿದರೆ ಅವಳು ತೇಪೆ ಹಾಕುತ್ತಿದ್ದಳು.

ಅಷ್ಟೇ. ಮಾತು ಕಡಿಮೆ.

ಆದರೆ ಬೆಳಗಿನ ಆ ಒಂದು ಕ್ಷಣ... "ಹಿಡ್ಕೊಂಡ್ರಾ?" "ಹಿಡ್ಕೊಂಡೆ." ಅದಕ್ಕಾಗಿ ಅವಳು ಏಳುತ್ತಿದ್ದಳು. ಇಲ್ಲದಿದ್ದರೆ ಏಳುವುದಕ್ಕೆ ಇನ್ನೇನಿತ್ತು? ಒಗೆಯುವುದು, ಒರೆಸುವುದು, ಮಗ್ಗುಲು ಬದಲಿಸುವುದು, ಹೊಲಿಯುವುದು. ನಿದ್ದೆಯಲ್ಲೂ ಅವಳ ಕಾಲು ಯಂತ್ರದ ಪೆಡಲು ತುಳಿಯುತ್ತಿತ್ತು. ಕನ್ನಡಿ ನೋಡಿಕೊಂಡರೆ ಅಮ್ಮನಿಗಿಂತ ತಾನೇ ರೋಗಿಯಂತೆ ಕಾಣುತ್ತಿದ್ದಳು.

'ಇಂಥ ಮುಖವನ್ನು ಯಾರು ನೋಡ್ತಾರೆ? ಪಾಪ ಅಂತ ಬರ್ತಾನೆ. ಪಾಪ ಅನ್ನೋದು ಎಷ್ಟು ದಿನ ಬರುತ್ತೆ?'

*

ಒಂದು ಸಂಜೆ ಅವನು ದಪ್ಪ ಕ್ಯಾನ್ವಾಸು ತಂದ.

"ಇದನ್ನ ಜೋಳಿಗೆ ಥರ ಹೊಲೀಬೇಕು. ನಾಲ್ಕು ಮೂಲೆಗೂ ಬೆಲ್ಟಿನ ಪಟ್ಟಿ. ಗಟ್ಟಿಯಾಗಿರ್ಲಿ."

"ಎಂಜಿನ್ ಎತ್ತೋಕಾ?"

"ಅಂಥದ್ದೇ ಅನ್ಕೊಳ್ಳಿ," ಅಂದು ಅವನು ನಕ್ಕ. ಆಮೇಲೆ ಅಮ್ಮನ ಕೋಣೆಯ ತೊಲೆಯನ್ನು ಕೈಯಿಂದ ತಟ್ಟಿ ನೋಡಿ ಹೋದ.

ಅವಳು ಸೂಜಿ ಮುರಿದುಕೊಂಡು, ಹೆಬ್ಬೆರಳು ಚುಚ್ಚಿಸಿಕೊಂಡು, ಅದನ್ನು ಮೂರು ಪದರದಲ್ಲಿ ಹೊಲಿದಳು. ಅವನು ಮೊದಲ ಸಲ ಏನನ್ನೋ ಕೇಳಿದ್ದ!

ರಜೆಯ ದಿನ ಅವನು ಹೆಗಲ ಮೇಲೆ ಚೈನ್ ಪುಲ್ಲಿ ಹೊತ್ತು ಬಂದ. ದೋಣಿಯಿಂದ ಎಂಜಿನ್ ಎತ್ತುವ ಸರಪಳಿಯ ರಾಟೆ. ತೊಲೆಗೆ ಕಬ್ಬಿಣದ ಪಟ್ಟಿ ಬಿಗಿದು ತೂಗುಹಾಕಿದ. ಕೊಕ್ಕೆಗೆ ಅವಳು ಹೊಲಿದ ಕ್ಯಾನ್ವಾಸನ್ನು ಸಿಕ್ಕಿಸಿದ.

"ನಾನೇನು ಎಂಜಿನ್ನಾ?" ಅಂದರು ಅಮ್ಮ.

"ಎಂಜಿನ್ ಇಷ್ಟು ಸದ್ದು ಮಾಡಲ್ಲಮ್ಮ."

"ಕೇಳಿದ್ಯೇನೇ ಇವನ ಮಾತು! ಮೊದಲು ನೀನು ತೂಗಪ್ಪ. ಆಮೇಲೆ ನಾನು."

ಅವನು ಸುಮ್ಮನೆ ಜೋಳಿಗೆಯಲ್ಲಿ ಕೂತ. "ಎಳೀರಿ," ಅಂದ ಅವಳಿಗೆ.

ಸರಪಳಿ ಎಳೆದಳು. ಕಟಕಟ ಅನ್ನುತ್ತಾ ಅವನು ನೆಲ ಬಿಟ್ಟು ಮೇಲೆದ್ದ. ಆ ಎತ್ತರದ ಗಂಡಸು ಮಂಡಿ ಮಡಚಿಕೊಂಡು ಗಾಳಿಯಲ್ಲಿ ತೂಗಾಡಿದ. ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವಳೂ ನಕ್ಕಳು. ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ!

"ಇಷ್ಟು ಹಗುರಾನಾ ನೀವು?"

"ನೋಡಿದ್ರಾ? ಒಂದೇ ಕೈ ಸಾಕು," ಅಂದ ಅವನು. ಇಳಿದು, ಅವಳ ಮುಖ ನೋಡದೆ ಸರಪಳಿಯನ್ನು ಒರೆಸುತ್ತಾ ಹೇಳಿದ, "ಇನ್ಮೇಲೆ ನಿಮಗೆ ಯಾರೂ ಬೇಕಾಗಲ್ಲ."

ಅವಳ ನಗು ಅಲ್ಲೇ ನಿಂತಿತು.

'ಓ... ಅದಕ್ಕಾ ಇದೆಲ್ಲ? ಬಿಡಿಸಿಕೊಳ್ಳೋಕೆ. ಅವನು ಹೋಗೋ ದಾರಿಯನ್ನ ನನ್ನ ಕೈಯಿಂದಲೇ ಹೊಲಿಸಿದ!'

"ತುಂಬಾ ಉಪಕಾರ ಆಯ್ತು," ಅಂದಳು. ದನಿ ತಣ್ಣಗಿತ್ತು.

ಅವನು ಏನೋ ಹೇಳುವವನಂತೆ ತಲೆ ಎತ್ತಿದ. ಅವಳು ಆಗಲೇ ನೂಲಿನ ಉಂಡೆ ಹುಡುಕುತ್ತಾ ಬೆನ್ನು ತಿರುಗಿಸಿದ್ದಳು.

*

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ.

ರಾಟೆ ಸೊಗಸಾಗಿ ಕೆಲಸ ಮಾಡುತ್ತಿತ್ತು. ಒಂದು ಸಲವಾದರೂ ಸಿಕ್ಕಿಕೊಳ್ಳಬಾರದೇ? ಇಲ್ಲ. ಅಮ್ಮ ಹಗುರಾಗಿ ಮೇಲೇಳುತ್ತಿದ್ದರು, ಹಗುರಾಗಿ ಕುರ್ಚಿಗೆ ಇಳಿಯುತ್ತಿದ್ದರು. ಅವಳ ಸೊಂಟದ ನೋವು ಕಡಿಮೆಯಾಯಿತು. ಆದರೆ ದಣಿವು ಹೆಚ್ಚಾಯಿತು. ಭಾರ ಎತ್ತಿದ ದಣಿವಾದರೆ ಮಲಗಿದರೆ ಹೋಗುತ್ತದೆ. ಇದು ಮಲಗಿದರೂ ಪಕ್ಕದಲ್ಲೇ ಮಲಗುತ್ತಿತ್ತು.

"ಅವನಿಗೂ ಸಾಕಾಗಿರುತ್ತೆ ಕಣೇ," ಅಂದರು ಚಿಕ್ಕಮ್ಮ, ಬಟಾಣಿ ಸುಲಿಯುತ್ತಾ. "ವಯಸ್ಸಿನ ಗಂಡಸು. ದಿನಾ ಬೆಳಿಗ್ಗೆ ಎದ್ದು ಯಾರದೋ ಅಮ್ಮನ್ನ ಎತ್ತು ಅಂದ್ರೆ? ಇಷ್ಟು ದಿನ ಬಂದಿದ್ದೇ ಹೆಚ್ಚು."

"ನಾನೆಲ್ಲಿ ಬನ್ನಿ ಅಂದೆ?"

"ಬರಬೇಡಿ ಅಂತಲೂ ಅನ್ನಲಿಲ್ಲವಲ್ಲ."

ಅವಳು ಹೊಲಿಗೆಯತ್ತ ತಿರುಗಿದಳು. ಯಂತ್ರದಲ್ಲಿ ಯಾರದೋ ಪ್ಯಾಂಟಿನ ಎರಡೂ ಕಾಲುಗಳು ಒಂದಕ್ಕೊಂದು ಸೇರಿ ಹೊಲಿದುಹೋಗಿದ್ದವು. ನೋಡಿ, ಬಿಚ್ಚಲು ಕೂತಳು.

ಚಿಕ್ಕಮ್ಮ ಹೋದ ಮೇಲೆ ಅಮ್ಮ ಮೆಲ್ಲಗೆ ಕರೆದರು. "ಏ ಹುಡುಗಿ, ಇಲ್ಲಿ ಬಾ. ಆ ಸರಪಳಿಗೆ ಒಂದು ಬಟ್ಟೆ ತುರುಕು."

"ಯಾಕೆ?"

"ಸಿಕ್ಕಿಕೊಳ್ಳಲಿ. ಆಮೇಲೆ ಬಾಗಿಲಿಗೆ ಹೋಗಿ ಕೂಗು. ಓಡಿ ಬರ್ತಾನೆ. ಬೇಕಾದ್ರೆ ನಾನೂ ಜೋರಾಗಿ ಅರಚ್ತೀನಿ. ಒಂದು ಭಾಗ ಸತ್ತಿದ್ರೂ ಗಂಟಲು ಚೆನ್ನಾಗಿದೆ."

"ಅಮ್ಮ!"

"ನನ್ನಿಂದ ನೀನು ಇಲ್ಲಿ ಒಣಗ್ತಾ ಇದ್ದೀಯ. ನನ್ನಿಂದಲೇ ಒಂದು ಉಪಕಾರ ಆಗ್ಲಿ ಬಿಡು."

ಅವಳು ಅಮ್ಮನ ಜೀವವಿಲ್ಲದ ಎಡಗೈಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. ಅಳು ಬಂತು. ನಗುವೂ ಬಂತು. ಸರಪಳಿಯನ್ನು ನೋಡಿದಳು. ಕೈಯಳತೆಯಲ್ಲೇ ಬಟ್ಟೆಯ ಚೂರುಗಳ ರಾಶಿ... ಒಂದು ತುರುಕಿದರೆ ಸಾಕಿತ್ತು. ನಾಳೆ ಬೆಳಿಗ್ಗೆ ಅವನು ಹೊಸ್ತಿಲಲ್ಲಿ ನಿಂತಿರುತ್ತಾನೆ.

'ಬರ್ತಾನೆ. ಮತ್ತೆ ಪಾಪ ಅಂತ. ನನಗೆ ಆ ಬರುವಿಕೆ ಸಾಕಾಗಿದೆ.'

"ಬೇಡಮ್ಮ," ಅಂದಳು. "ಕೂಗಿ ಕರೆಯಲ್ಲ. ನಾನೇ ಹೋಗ್ತೀನಿ."

*

ಮರುದಿನ ಮಧ್ಯಾಹ್ನ ಚಿಕ್ಕಮ್ಮನನ್ನು ಕೂರಿಸಿ ಅವಳು ಬಂದರಿಗೆ ನಡೆದಳು. ಐಸ್ ಕಾರ್ಖಾನೆಯ ಹಿಂದೆ ತಗಡಿನ ಶೆಡ್ಡು. ಒಳಗೆ ಡೀಸೆಲ್ ವಾಸನೆ, ಬಿಚ್ಚಿಟ್ಟ ಎಂಜಿನ್ನುಗಳು, ಒಂದು ಬಕೆಟ್ಟಿನಲ್ಲಿ ನೆನೆಹಾಕಿದ ನಟ್ಟು ಬೋಲ್ಟುಗಳು. ಅವನು ಬಗ್ಗಿ ಏನನ್ನೋ ಬಿಗಿಯುತ್ತಿದ್ದ. ಅವಳ ನೆರಳು ಬಿದ್ದು ತಲೆ ಎತ್ತಿದವನೇ ಸ್ಪ್ಯಾನರ್ ಕೆಳಗೆ ಬಿಟ್ಟ.

"ಏನಾಯ್ತು? ಅಮ್ಮ ಬಿದ್ರಾ?"

"ಇಲ್ಲ."

"ಸರಪಳಿ ಹಿಡ್ಕೊಂಡ್ತಾ? ಎಣ್ಣೆ ತರ್ತೀನಿ, ಇರಿ..."

"ಸರಪಳಿ ಚೆನ್ನಾಗಿದೆ."

"ಹೊಲಿಗೆ ಯಂತ್ರ?"

"ಅದೂ ಚೆನ್ನಾಗಿದೆ."

ಅವನು ಎಣ್ಣೆ ಡಬ್ಬಿ ಹಿಡಿದು ನಿಂತುಬಿಟ್ಟ. "ಮತ್ತೆ... ಏನಾಯ್ತು?"

"ಏನೂ ಆಗಿಲ್ಲ," ಅಂದಳು. "ಏನೂ ಆಗದೇನೆ ಬಂದಿದ್ದೀನಿ."

ಹೊರಗೆ ಯಾರೋ ಐಸಿನ ಗಡ್ಡೆಗಳನ್ನು ಒಡೆಯುತ್ತಿದ್ದರು. ಆ ಸದ್ದು ನಿಂತಿತು. ಅವನು ಡಬ್ಬಿಯನ್ನು ಬಹಳ ಜೋಪಾನವಾಗಿ, ಮೊಟ್ಟೆ ಇಡುವ ಹಾಗೆ, ಕೆಳಗಿಟ್ಟ.

"ನಾನು ದಿನಾ ಕಾಯ್ತಿದ್ದೆ," ಅಂದ.

"ಏನನ್ನ?"

"ಇದನ್ನೇ."

ಅವಳಿಗೆ ಸಿಟ್ಟು ಉಕ್ಕಿ ಬಂತು. "ಕಾಯ್ತಿದ್ರಾ? ಬಂದು ಹೇಳೋಕೆ ಬಾಯಿ ಇರಲಿಲ್ವಾ? ನಿಮಗೆ ಯಾರೂ ಬೇಕಾಗಲ್ಲ ಅಂತ ಹೇಳಿ ಹೋದ್ರಿ. ನಾನು ಏನಂದ್ಕೋಬೇಕಿತ್ತು?"

"ನೀವು ಉಪಕಾರ ಆಯ್ತು ಅಂದ್ರಿ. ಅದು ಹೋಗಿ ಅಂದ ಹಾಗಿತ್ತು."

"ಮತ್ತೇನು, ತಬ್ಬಿಕೊಳ್ಳಬೇಕಿತ್ತಾ?"

ಅಂದ ಮೇಲೆ ಅವಳೇ ಕೆಂಪಾದಳು. ಅವನು ಗ್ರೀಸಿನ ಕೈಗಳನ್ನು ಏನು ಮಾಡುವುದೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ.

"ಹೇಳಬೇಕು ಅಂತ ಮೊದಲಿಂದಲೂ ಇತ್ತು," ಅಂದ, ನೆಲ ನೋಡುತ್ತಾ. "ದಿನಾ ಬೆಳಿಗ್ಗೆ ನಾಲಿಗೆ ತುದಿಗೆ ಬರ್ತಿತ್ತು. ಆದ್ರೆ ನಾನು ಬರದಿದ್ರೆ ನಿಮ್ಮಮ್ಮ ಹಾಸಿಗೆಯಲ್ಲೇ ಇರ್ತಿದ್ರು. ಅಂಥಾ ಹೊತ್ತಲ್ಲಿ ನಿಮ್ಮನ್ನ ಇಷ್ಟಪಡ್ತೀನಿ ಅಂದ್ರೆ... ಬೇಡ ಅನ್ನೋಕೆ ನಿಮಗೆ ಆಗ್ತಿತ್ತಾ?"

ಅವಳು ಅವನ ಮುಖ ನೋಡಿದಳು.

"ಬೇಡ ಅಂದ್ರೆ ಬೆಳಿಗ್ಗೆ ಎತ್ತೋರು ಯಾರು ಅಂತ ಯೋಚಿಸ್ತಿದ್ರಿ. ಹೂಂ ಅಂದ್ರೆ, ಅದು ನನಗೋ ನನ್ನ ತೋಳಿಗೋ ಅಂತ ನಾನು ಯೋಚಿಸ್ತಿದ್ದೆ. ಅದಕ್ಕೇ ಮೊದಲು ರಾಟೆ ಹಾಕಿದೆ. ಆಮೇಲೆ ಬರೋಕೆ... ಧೈರ್ಯ ಬರಲಿಲ್ಲ. ಕೆಲಸ ಇಲ್ಲದೆ ನಿಮ್ಮನೆಗೆ ಹೇಗೆ ಬರೋದು ಅಂತ ಗೊತ್ತಾಗಲಿಲ್ಲ."

ಅವಳು ಬೋರಲು ಹಾಕಿದ ಮೀನಿನ ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು. ಇಷ್ಟು ಕಾಲ ಹೊತ್ತ ದಣಿವೆಲ್ಲ ಒಟ್ಟಿಗೇ ಕಣ್ಣಿಗೆ ಬಂತು. ಅವನು ಗಾಬರಿಯಾಗಿ ಹತ್ತಿರ ಬಂದು, ಮುಟ್ಟದೆ, ಮಂಡಿಯೂರಿದ.

"ಅಳಬೇಡಿ. ತಪ್ಪಾಯ್ತು..."

"ಅಳ್ತಿಲ್ಲ. ಸುಸ್ತಾಗಿದೆ," ಅಂದಳು ಅಳುತ್ತಲೇ. "ತುಂಬಾ ಸುಸ್ತಾಗಿದೆ ನನಗೆ. ನನ್ನ ಹತ್ತಿರ ಬಂದ್ರೆ ಈ ಸುಸ್ತೇ ಸಿಗೋದು. ಅಮ್ಮ ಇದ್ದಾರೆ, ಅವರನ್ನ ಬಿಟ್ಟು ನಾನೆಲ್ಲೂ ಬರಲ್ಲ. ನಗು ಅಪರೂಪ. ಇದೆಲ್ಲ ಗೊತ್ತಿದ್ದೂ ನಾನು ಬೇಕು ಅಂತ ಕೇಳ್ತೀರಾ?"

"ಕೇಳ್ತೀನಿ."

"ಹಾಗಾದ್ರೆ ಕೇಳಿ."

ಅವನು ಕೇಳಿದ. ಬಹಳ ಸಣ್ಣ ದನಿಯಲ್ಲಿ ಕೇಳಿದ.

ಅವಳು ಮೂಗು ಒರೆಸಿಕೊಂಡಳು. ತೆರೆದ ಬಾಗಿಲಾಚೆ ನೋಡಿದಳು. ಎಷ್ಟೋ ಕಾಲದ ಮೇಲೆ ಯಾವ ಅವಸರವೂ ಇರಲಿಲ್ಲ.

"ಈಗ ನಾನು ಬೇಡ ಅನ್ನಬಹುದು. ಅಲ್ವಾ?"

"ಅನ್ನಬಹುದು," ಅಂದ ಅವನು. ಮುಖ ಬಿಳಿಚಿಕೊಂಡಿತ್ತು.

"ಅನ್ನಲ್ಲ."

ಅವನು ಕೈ ತೊಳೆಯಲು ಎದ್ದ. ಅವಳು ಬಿಡಲಿಲ್ಲ. ಆ ಕಪ್ಪು ಕೈಯನ್ನು ಹಾಗೆಯೇ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಅವರ ನಡುವೆ ಎತ್ತಬೇಕಾದ ಭಾರ ಯಾವುದೂ ಇರಲಿಲ್ಲ.

ಕೈ ಬಿಡದೆಯೇ ಅವಳು ಕೇಳಿದಳು, "ನಾಳೆ ಬೆಳಿಗ್ಗೆ ಬರ್ತೀಯಾ?"

ಆ ಏಕವಚನಕ್ಕೆ ಅವನು ಉಸಿರು ಹಿಡಿದ. "ಏನು ಕೆಲಸ ಇದೆ?"

"ಏನೂ ಇಲ್ಲ."

"ಹಾಗಾದ್ರೆ ಬರ್ತೀನಿ."